ಸ್ವೆಟರಿನ ತೂಕ

ಫೆಬ್ರವರಿ ಹದಿನೇಳು, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ದಶಾಂಶ ಸಾಹೇಬರು ತೂಕ ಪರೀಕ್ಷಾಲಯದ ತಕ್ಕಡಿ ಕೋಣೆಗೆ ಕಳ್ಳನ ಹಾಗೆ ನುಸುಳಿದರು. ಕಂಕುಳಲ್ಲಿ ತೀರಿಹೋದ ಹೆಂಡತಿಯ ನೀಲಿ ಸ್ವೆಟರಿತ್ತು.

ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ. ಆದರೆ ವಯಸ್ಸು ಕೇಳಿದರೆ “ನಲವತ್ತಾರು ಪಾಯಿಂಟ್ ಮೂರು” ಎನ್ನುವ ಮನುಷ್ಯನನ್ನು ಕಚೇರಿ ಇನ್ನೇನೆಂದು ಕರೆದೀತು?

ಈ ಫಜೀತಿಗೆಲ್ಲ ಮೂಲ ಒಂದು ಮಕ್ಕಳ ಕಾದಂಬರಿ. ಮಗಳಿಗೆ ಅದೆಂದರೆ ಪ್ರಾಣ. ದಿನಾ ಓದಿ ಹೇಳುತ್ತಿದ್ದವಳು ತಾಯಿ; ಅವಳು ಹೋದ ಮೇಲೆ ಆ ಪಾಳಿ ಸಾಹೇಬರಿಗೆ ಬಂತು. ಅದರಲ್ಲೊಬ್ಬ ಹುಡುಗಿ ಕಾಣೆಯಾದ ಅಣ್ಣನ ಕೋಟನ್ನು ತೂಗಿಡುತ್ತಾಳೆ. ವರ್ಷ ತುಂಬಿದ ದಿನ ಮತ್ತೆ ತೂಗಬೇಕು. ತೂಕ ಕಡಿಮೆಯಾಗಿರದಿದ್ದರೆ ಅಣ್ಣನ ನೆರಳು ಮನೆಯಲ್ಲೇ ಇದೆ, ಕಡಿಮೆಯಾಗಿದ್ದರೆ ಹೊರಟುಹೋಗಿದೆ.

“ನೆರಳಿಗೆಲ್ಲಿಯ ತೂಕ?” ಎಂದು ಸಾಹೇಬರು ನಕ್ಕಿದ್ದರು. ಮಗಳು ನಗಲಿಲ್ಲ. ಆಮೇಲೆ ಆ ಪುಟ ಹಲ್ಲಿಗೆ ಸಿಕ್ಕ ನಾರಿನಂತೆ ಇವರನ್ನೇ ಕಾಡತೊಡಗಿತು. ಇಪ್ಪತ್ತೆರಡು ವರ್ಷ ಇರುವುದನ್ನು ತೂಗಿದ್ದೇನೆ. ಇಲ್ಲವಾದದ್ದು ಎಷ್ಟು ಎಂದು ಒಮ್ಮೆಯೂ ಕೇಳಿಕೊಂಡಿಲ್ಲವಲ್ಲ! ಮನೆಯಿಂದ ಒಬ್ಬಳು ಹೋದರೆ ಕಡಿಮೆಯಾಗುವುದು ಅವಳ ಮೈತೂಕವಷ್ಟೇ ಏನು?

“ಅಪ್ಪಾ, ಅಮ್ಮನ ಸ್ವೆಟರ್ ತೂಗೋಣ,” ಎಂದಳು ಮಗಳು. ಹಾಗೆ ಹೋದ ವರ್ಷ ಇದೇ ದಿನ ಮೊದಲ ಸಲ ತೂಗಿದಾಗ ಬಂದದ್ದು 412.4 ಗ್ರಾಂ.

ತೂಗುವ ವಸ್ತು ಮೊದಲು ಕೋಣೆಯ ಹವೆಗೆ ಹೊಂದಿಕೊಳ್ಳಬೇಕು. ಸಾಹೇಬರು ಸ್ವೆಟರನ್ನು ಟ್ರೇಯಲ್ಲಿ ಹರವಿದರು. ಅಷ್ಟರಲ್ಲಿ ಮುಖ್ಯಸ್ಥರಿಂದ ಕರೆ ಬಂತು. ಆ ಮೀಟಿಂಗು ಅಗಿದಷ್ಟೂ ಮುಗಿಯದ ರಬ್ಬರಿನಂತೆ ಮೂರು ಗಂಟೆಯವರೆಗೆ ಹಿಗ್ಗಿತು. ಓಡಿ ಬಂದು ನೋಡಿದರೆ ಟ್ರೇ ಖಾಲಿ!

“ಅಕ್ಕಾ, ಇಲ್ಲಿದ್ದ ಸ್ವೆಟರ್?”

ಲ್ಯಾಬಿನ ಹಿರಿಯ ಸಹಾಯಕಿ ಹೆಮ್ಮೆಯಿಂದ ಒಣಗಿಸುವ ಒಲೆಯ ಬಾಗಿಲು ತೆರೆದರು. “ಎರಡು ಸಲ ತೊಳೆದಿದೀನಿ ಸಾರ್, ಭಟ್ಟಿ ಇಳಿಸಿದ ನೀರಲ್ಲಿ. ಎಷ್ಟು ಕೊಳೆ ಬಿಡ್ತು ಅಂತೀರಿ!”

“ತೊಳೀರಿ ಅಂತ ಯಾರು ಹೇಳಿದ್ದು?”

“ನೀವೇ! ಗೋಡೆ ಮೇಲೆ ನೀವೇ ಬರೆದು ಹಾಕಿಲ್ವಾ? ಟ್ರೇಗೆ ಬಂದದ್ದನ್ನೆಲ್ಲ ತೊಳೆದು ಒಣಗಿಸದೆ ತೂಗಕೂಡದು ಅಂತ.”

“ಅದು ಹಿತ್ತಾಳೆಯ ತೂಕದ ಬಟ್ಟುಗಳಿಗೆ ಅಕ್ಕಾ!”

“ಹೋದ ತಿಂಗಳು ನಿಯಮದಲ್ಲಿ ವಿನಾಯಿತಿ ಇಲ್ಲ ಅಂತ ನನಗೇ ಮೆಮೋ ಕೊಟ್ರಲ್ಲ?”

ಸಾಹೇಬರು ಸ್ವೆಟರಿಗೆ ಮೂಗು ಹಚ್ಚಿದರು. ಕುತ್ತಿಗೆಯ ಮಡಿಕೆಯಲ್ಲಿ ವರ್ಷವಿಡೀ ಉಳಿದಿದ್ದ ಅವಳ ವಾಸನೆಯಿರಲಿಲ್ಲ. ಬಿಸಿ ತಗಡಿನ ವಾಸನೆಯಿತ್ತು. ಅಕ್ಕನಿಗೆ ಏನೋ ತಿಳಿದಂತಾಗಿ ಅವರು ಬಾಯಿಗೆ ಸೆರಗು ಒತ್ತಿಕೊಂಡರು.

ತಕ್ಕಡಿ 391.2 ಎಂದಿತು.

ಸುದ್ದಿ ಹಬ್ಬಿ ಕೋಣೆ ತುಂಬಿತು. ಮುಖ್ಯಸ್ಥರು ಕನ್ನಡಕ ಏರಿಸಿ, “ಉಣ್ಣೆ ಕಣಯ್ಯಾ, ಒಲೆಯಲ್ಲಿ ತೇವ ಆರಿದೆ. ಎರಡು ದಿನ ಬಿಡು, ಮತ್ತೆ ಹೀರಿಕೊಳ್ಳುತ್ತೆ,” ಎಂದರು.

“ಮಗಳು ಬಾಗಿಲಲ್ಲೇ ಕಾಯ್ತಿರ್ತಾಳೆ ಸಾರ್. ಇವತ್ತಿಗೇ ವರ್ಷ.”

“ಹಾಗಿದ್ರೆ ಹಳೇ ಅಂಕೀನೇ ಬರ್ಕೊಂಡು ಹೋಗಿ,” ಎಂದ ಟೈಪಿಸ್ಟು. “ನಿಮ್ಮ ಮನೆಗೆ ಯಾರು ಇನ್‌ಸ್ಪೆಕ್ಷನ್‌ಗೆ ಬರ್ತಾರೆ?”

ಸೇವೆಗೆ ಸೇರಿದ ಮೇಲೆ ಒಂದೇ ಒಂದು ಸುಳ್ಳು ಅಂಕಿ ಬರೆಯದ ಕೈ ಅದು. ಚೀಟಿಯ ಮೇಲೆ ಬರೆಯಿತು: 412.4.

ಐದೂ ಹತ್ತಕ್ಕೆ ಮನೆ ಮುಟ್ಟಿದಾಗ ಮಗಳು ಚೀಟಿಯನ್ನು ಕಸಿದುಕೊಂಡು ಓದಿದಳು. ಮುಖ ಅರಳಲಿಲ್ಲ.

“ನೋಡು ಪುಟ್ಟಿ, ಒಂದು ಚೂರೂ ಕಡಿಮೆಯಾಗಿಲ್ಲ!”

ಅವಳು ಕತ್ತರಿ ತಂದು ಸ್ವೆಟರಿನ ಅಂಚಿನ ಹೊಲಿಗೆ ಬಿಚ್ಚಿದಳು. ಸಾಹೇಬರ ಹಳೆಯ ಪೆಟ್ಟಿಗೆಯ ಪುಟ್ಟ ಬಟ್ಟೊಂದು ಅಂಗೈಗೆ ಉದುರಿತು.

“ನಿನ್ನೆ ನಾನೇ ಹೊಲಿದಿಟ್ಟಿದ್ದೆ. ಐದು ಗ್ರಾಂ.”

“ಯಾಕಮ್ಮಾ?”

“ಕಡಿಮೆ ಬಂದ್ರೆ ನೀನು ಮತ್ತೆ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತೀಯಲ್ಲ, ಅದಕ್ಕೆ.” ಅವಳು ಅಂಗೈಯ ಬಟ್ಟನ್ನು ಎತ್ತಿ ತೋರಿಸಿದಳು. “ಇದನ್ನೂ ಸೇರಿಸಿ ಅಷ್ಟೇ ಬಂತು ಅಂದ್ರೆ...”

ಸಾಹೇಬರು ನಿಜ ಹೇಳಲು ಬಾಯಿ ತೆರೆದರು. ಹೇಳಿದರೆ ಕೊರತೆ ಐದಲ್ಲ; ತಕ್ಕಡಿ ತೋರಿದ 21.2ಕ್ಕೆ ಬಟ್ಟಿನ ಐದೂ ಸೇರಿ 26.2. ಅದು ಬರೀ ತೇವ ಎಂದರೂ ಮಗಳು ಕೇಳುವುದು ಒಂದನ್ನೇ: ತೊಳೆಯೋಕೆ ಮುಂಚೆ ಎಷ್ಟಿತ್ತು? ಆ ಅಂಕಿ ಈಗ ಲೋಕದ ಯಾವ ತಕ್ಕಡಿಯಲ್ಲೂ ಇಲ್ಲ. ಬಾಯಿ ಮುಚ್ಚಿದರು.

“ಅಳಬೇಡ ಅಪ್ಪಾ,” ಎಂದು ಮಗಳೇ ಅವರ ಮೊಣಕಾಲು ತಟ್ಟಿದಳು. ಮತ್ತೆ ತನ್ನ ನೋಟ್‌ಬುಕ್ ತೆರೆದು, ತಾರೀಖು ಹಾಕಿ, ದುಂಡಗೆ ಬರೆದಳು: ಅಮ್ಮ, ಕಡಿಮೆಯಾದದ್ದು 5.0 ಗ್ರಾಂ.