ಒಂದು ಬೆರಳಿನಷ್ಟೇ ತೆರೆದ ಬಾಯಿ

ನನ್ನ ಬಾಯಿಯಿಂದಾಗಿ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಜಗಳದಿಂದ ಅಲ್ಲ, ಕೆಲಸದಿಂದ. ನಾನು ಕೇರಳದ ಗಡಿಯೊಳಗಿನ ಹೊಸಂಗಡಿಯ ಮೈಕ್ ಅನೌನ್ಸರ್. ಅಂದರೆ ಅಂಗಡಿ ಉದ್ಘಾಟನೆ, ರಕ್ತದಾನ ಶಿಬಿರ, ಫುಟ್‌ಬಾಲ್ ಪಂದ್ಯ ಮುಂತಾದವುಗಳನ್ನು ಊರಿಗೆಲ್ಲ ಕೂಗಿ ಹೇಳುವವನು. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ಯಾವುದೂ ಅರ್ಥವಾಗುವುದಿಲ್ಲ. ಕಾಲವನ್ನೂ ಹೇಳಿಬಿಡುತ್ತೇನೆ: ಮೊಬೈಲ್ ಬಂದಿತ್ತು, ಕ್ಯಾಸೆಟ್ ಇನ್ನೂ ಹೋಗಿರಲಿಲ್ಲ.

ಬಾಡಿಗೆಯವನು ಮತ್ತು ಕಟ್ಟಡ

ಒಂದು ಶುಕ್ರವಾರ ಬೆಳಗಿನ ಜಾವ ಕನಸು ಬಿತ್ತು. ಮಂಜು ತುಂಬಿದ ಗದ್ದೆ. ಆಟಗಾರರು ಯಾರೂ ಕಾಣುವುದಿಲ್ಲ. ಚೆಂಡು ಮಾತ್ರ ಚಂದ್ರನ ಹಾಗೆ ನಿಧಾನವಾಗಿ ತೇಲುತ್ತಾ ಬಲೆಯ ಕಡೆಗೆ ಹೋಗುತ್ತಿದೆ. ನಾನು ‘ಗೋಲ್’ ಎಂದು ಕೂಗಲು ಹೋದೆ, ಬಾಯಿ ತೆರೆಯಲಿಲ್ಲ. ಎಚ್ಚರವಾಯಿತು. ಎಚ್ಚರವಾದ ಮೇಲೂ ತೆರೆಯಲಿಲ್ಲ. ಅಳೆದು ನೋಡಿದೆ: ಸರಿಯಾಗಿ ಒಂದು ಬೆರಳು ಹೋಗುವಷ್ಟು ಜಾಗ.

ಹದಿನಾರು ದಿನ ಬಿಟ್ಟು, ಭಾನುವಾರ, ಕೊಯ್ಲು ಮುಗಿದ ಗದ್ದೆಯಲ್ಲಿ ಫುಟ್‌ಬಾಲ್ ಫೈನಲ್ ಇತ್ತು. ನಮ್ಮ ಕಡೆ ಫೈನಲ್‌ನಲ್ಲಿ ಯಾರ ಧ್ವನಿ ಕೇಳುತ್ತದೋ, ಆ ಸೀಸನ್ನಿನ ಉಳಿದ ಕಾರ್ಯಕ್ರಮಗಳೂ ಅವನಿಗೇ ಸಿಗುತ್ತವೆ. ಕ್ಲಬ್ಬಿನ ಅಧ್ಯಕ್ಷರು ಕಬ್ಬಿಣದ ಅಂಗಡಿಯ ಹಾಜಿಯವರು. ಅವರು ಸುದ್ದಿ ಕೇಳಿ, “ಬೇಗ ಸರಿ ಮಾಡಿಸು ಮಾರಾಯ. ಇಲ್ಲದಿದ್ದರೆ ಕುಂಬಳೆಯ ಮೈಕಿನವನನ್ನು ಕರೆಯಬೇಕಾಗ್ತದೆ” ಎಂದರು.

ಬಸ್‌ಸ್ಟ್ಯಾಂಡಿನ ಹತ್ತಿರದ ಹಲ್ಲಿನ ಡಾಕ್ಟರ ಬಳಿಗೆ ಹೋದೆ. ಅವರು ಕೆನ್ನೆ ಒತ್ತಿ ನೋಡಿ, “ಇದು ನನ್ನದಲ್ಲ. ದವಡೆಯ ಕೀಲಿನದ್ದು” ಎಂದು ಒಂದು ಚೀಟಿ ಬರೆದರು. ಅದರಲ್ಲಿ ‘ಓರಲ್ ಆಂಡ್ ಮ್ಯಾಕ್ಸಿಲೋಫೇಶಿಯಲ್ ಸರ್ಜನ್’ ಎಂದು ಇತ್ತು. ಅಂಥವರೊಬ್ಬರು ಪ್ರತಿ ಮಂಗಳವಾರ ಕಾಸರಗೋಡಿನ ಒಂದು ಕ್ಲಿನಿಕ್ಕಿಗೆ ಬರುತ್ತಾರಂತೆ.

“ಡಾಕ್ಟ್ರೇ, ಹಲ್ಲು ಇರುವುದು ದವಡೆಯಲ್ಲೇ ಅಲ್ವಾ?” ಎಂದು ಹಲ್ಲಿನ ಸಂದಿಯಿಂದಲೇ ಕೇಳಿದೆ.

“ಹೌದು. ನಾನು ಬಾಡಿಗೆಯವರನ್ನು ನೋಡುವವನು. ಕಟ್ಟಡ ಬಿರುಕು ಬಿಟ್ಟರೆ ಅವರೇ ಬರಬೇಕು.”

ಮಂಗಳೂರಿಗೆ ಏಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ಅಲ್ಲಿ ಇಂಥ ಡಾಕ್ಟರುಗಳು ಬೇಕಾದಷ್ಟು ಜನ ಇದ್ದಾರೆ. ಆದರೆ ಅಲ್ಲಿನ ಕಾಲೇಜು ಆಸ್ಪತ್ರೆಗಳಲ್ಲಿ ಹತ್ತು ವಿದ್ಯಾರ್ಥಿಗಳು ಸುತ್ತ ನಿಂತು ಬಾಯೊಳಗೆ ನೋಡುತ್ತಾರೆ ಎಂದು ತಂಗಿ ಹೇಳಿದ್ದಳು. ಸಾವಿರ ಜನರೆದುರು ಕೂಗುವ ನನಗೆ ಹತ್ತು ಜನರೆದುರು ಬಾಯಿ ತೆರೆಯಲು ನಾಚಿಕೆ.

ಚೀಟಿಯ ಪ್ರಯಾಣ

ಶನಿವಾರ ಟೋಕನ್ ಬರೆಸಲು ಕಾಸರಗೋಡಿನ ಬಸ್ಸು ಹತ್ತಿದೆ. ಫೋನಿನಲ್ಲಿ ಬರೆಸಬಹುದಿತ್ತು, ಆದರೆ ತಂಗಿ ಸಂಜೆಯವರೆಗೆ ಮನೆಯಲ್ಲಿರಲಿಲ್ಲ, ನನ್ನ ಮಾತು ಫೋನಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಕಂಡಕ್ಟರನಿಗೂ ತಿಳಿಯಲಿಲ್ಲ. “ಎಂತ ಮಾರಾಯ, ಮೈಕ್ ಹಾಳಾಯ್ತಾ?” ಎಂದ. ಚೀಟಿ ತೋರಿಸಿದೆ. ಅವನು ಓದಿ, ತಿಳಿಯದೆ, ಎದುರಿನ ಸೀಟಿನ ಟೀಚರಿಗೆ ಕೊಟ್ಟ. ಅವರು ಓದಿ ಹಿಂದಿನವರಿಗೆ ಕೊಟ್ಟರು.

ಚೀಟಿ ಕೈಯಿಂದ ಕೈಗೆ ಹೋಯಿತು. ಕಿಟಕಿಯಿಂದ ಸಮುದ್ರದ ಗಾಳಿ ಬರುತ್ತಿತ್ತು. ನೋವಿನ ಮಾತ್ರೆಯ ಅಮಲಿನಲ್ಲಿ ತೆಂಗಿನ ಮರಗಳೆಲ್ಲ ನನ್ನ ಬಗ್ಗೆಯೇ ತಲೆದೂಗಿ ಮಾತಾಡುತ್ತಿವೆ ಎಂದು ಅನಿಸುತ್ತಿತ್ತು. ಅವು ಮಾತಾಡಿದವೋ ಇಲ್ಲವೋ, ಬಸ್ಸಿನವರಂತೂ ಮಾತಾಡಿದರು. “ಬಿಸಿ ಉಪ್ಪಿನ ಶಾಖ ಕೊಡಿ.” “ನನ್ನ ಮಾವನಿಗೂ ಹೀಗೇ ಆದದ್ದು. ಈಗ ಅವರು ಮಾತು ನಿಲ್ಲಿಸುವುದೇ ಇಲ್ಲ.”

ಕುಂಬಳೆ ದಾಟುವಾಗ ಚೀಟಿ ವಾಪಸು ಬಂತು. ಹಿಂಬದಿಯಲ್ಲಿ ಮೂರು ಫೋನ್ ನಂಬರುಗಳಿದ್ದವು. ಸಂಜೆ ತಂಗಿಯಿಂದ ಫೋನ್ ಮಾಡಿಸಿದೆ. ಒಂದು ಕಣ್ಣಿನ ಡಾಕ್ಟರದ್ದು, ಇನ್ನೊಂದು ಮೂಳೆ ಕೂಡಿಸುವ ನಾಟಿ ವೈದ್ಯರದ್ದು. ಮೂರನೆಯದು ಮದುವೆ ಬ್ರೋಕರಿನದ್ದು. ಗಂಡು ಮಾತಾಡುವುದಿಲ್ಲ ಎಂದು ತಿಳಿದ ಕೂಡಲೇ ಅವನು, “ಒಳ್ಳೆಯದೇ ಆಯಿತು, ಜಾತಕ ಕಳಿಸಿ” ಎಂದನಂತೆ.

ನನ್ನದೇ ಧ್ವನಿ

ಸೋಮವಾರ ಸಂಜೆ ಜಗಲಿಯಲ್ಲಿ ಗಂಜಿಯ ತಿಳಿ ಕುಡಿಯುತ್ತಾ ಕುಳಿತಿದ್ದೆ. ಬೆಳಗಾದರೆ ಡಾಕ್ಟರು. ಬಿಸಿಲು ಹಳದಿಯಾಗಿ ರಸ್ತೆಯ ಮೇಲೆ ಮಲಗಿತ್ತು. ದೂರದಿಂದ ಮೈಕಿನ ಆಟೋ ಬಂತು. ಧ್ವನಿ ಎಷ್ಟು ಗಂಭೀರ, ಎಷ್ಟು ತುಂಬಿದ ಬಾಯಿ! ಯಾರಪ್ಪಾ ಇವನು ಎಂದು ಹೊಟ್ಟೆಕಿಚ್ಚಾಯಿತು. ಹತ್ತಿರ ಬಂದಾಗ ಗೊತ್ತಾಯಿತು: ಅದು ನಾನೇ.

“ನಾಳೆ ಹರ್ತಾಲ್! ಹಾಲು, ಪತ್ರಿಕೆ, ಆಸ್ಪತ್ರೆಗಳನ್ನು ಹೊರತುಪಡಿಸಿ ಅಂಗಡಿ, ವಾಹನ ಯಾವುದೂ ಇರುವುದಿಲ್ಲ!”

ಇದನ್ನು ವಿವರಿಸಬೇಕು. ನಮ್ಮಲ್ಲಿ ಹರ್ತಾಲ್ ಎಂದರೆ ಇಡೀ ದಿನದ ಬಂದ್. ಅದು ಪದೇ ಪದೇ ಬರುವುದರಿಂದ, ತಾರೀಕು ಹೇಳದೆ ‘ನಾಳೆ’ ಎಂದಷ್ಟೇ ಹೇಳಿ ನಾನೊಂದು ಕ್ಯಾಸೆಟ್ ಮಾಡಿಟ್ಟಿದ್ದೆ. ಯಾರು ಹರ್ತಾಲ್ ಕರೆದರೂ ಅದೇ ಸಾಕು. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಓಡಿಹೋಗಿ ಆಟೋ ನಿಲ್ಲಿಸಿ, ನಾಳೆ ಬೇಡ, ನಾಡಿದ್ದು ಇಟ್ಟುಕೊಳ್ಳಿ ಎಂದು ಕೈಸನ್ನೆ ಮಾಡಿದೆ. ಡ್ರೈವರ್ ಧ್ವನಿವರ್ಧಕದ ಕಡೆ ಬೆರಳು ತೋರಿಸಿ, “ನನ್ನ ಹತ್ತಿರ ಎಂತ ಹೇಳುವುದು? ಹೇಳಿದವನ ಹತ್ತಿರವೇ ಹೇಳಿ” ಎಂದ.

ಆಕಳಿಕೆ

ಆ ಮಂಗಳವಾರ ಹರ್ತಾಲಿಗೆ ಹೋಯಿತು. ಮುಂದಿನ ಮಂಗಳವಾರ ಕ್ಲಿನಿಕ್ಕಿನಲ್ಲಿ ನನ್ನ ಟೋಕನ್ ಇಪ್ಪತ್ತಮೂರು. ಮೂರು ಗಂಟೆ ಕಾದೆ. ಫ್ಯಾನ್ ಸಣ್ಣಗೆ ತಿರುಗುತ್ತಿತ್ತು. ಮೂಲೆಯ ಗಾಜಿನ ತೊಟ್ಟಿಯಲ್ಲಿ ಒಂದು ಕೆಂಪು ಮೀನು ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ, ನನಗೆ ಪಾಠ ಹೇಳಿಕೊಡುತ್ತಿತ್ತು. ನೋಡುತ್ತಾ ನೋಡುತ್ತಾ ನಾನೂ ನೀರೊಳಗೆ ಇಳಿದ ಹಾಗಾಯಿತು. ನಿದ್ದೆ ಬಂತು. ನಿದ್ದೆಯಲ್ಲೇ ಒಂದು ದೊಡ್ಡ ಆಕಳಿಕೆ.

ಟಕ್!

ಪಕ್ಕದಲ್ಲಿದ್ದ ವಯಸ್ಸಾದ ಬ್ಯಾರಿ ಹೆಂಗಸು, “ಅಲ್ಲಾ! ಎಂತ ಒಡೆದದ್ದು?” ಎಂದು ಬ್ಯಾಗ್ ಮುಟ್ಟಿ ನೋಡಿಕೊಂಡರು. ಒಡೆದದ್ದು ಏನೂ ಅಲ್ಲ. ನನ್ನ ಬಾಯಿ ಪೂರ್ತಿ ತೆರೆದಿತ್ತು. ನನ್ನನ್ನು ನೋಡಿ ಅವರು ಆಕಳಿಸಿದರು, ಅವರನ್ನು ನೋಡಿ ಎದುರಿನವರು, ಕೊನೆಗೆ ಟೋಕನ್ ಕರೆಯುವ ಸಿಸ್ಟರ್ “ಇಪ್ಪತ್ತ...” ಎಂದು ಅರ್ಧದಲ್ಲೇ ಆಕಳಿಸಿದರು. ನಾನೇ ಇರಬೇಕು ಎಂದುಕೊಂಡು ಒಳಗೆ ಹೋದೆ.

ಡಾಕ್ಟರು ಕನ್ನಡಕದ ಹೆಂಗಸು, ಬಹಳ ಶಾಂತ ಸ್ವಭಾವ. “ಬಾಯಿ ತೆರೆಯದೆ ಎಷ್ಟು ದಿನ ಆಯ್ತು?”

“ಹನ್ನೊಂದು ದಿನ ಆಯ್ತು ಮೇಡಂ!” ಎಂದು ಬಾಯಿ ತುಂಬ ಹೇಳಿದೆ.

ಅವರು ಚೀಟಿ ನೋಡಿದರು, ನನ್ನನ್ನು ನೋಡಿದರು. “ಮತ್ತೆ ಈಗ ತೆರೆದದ್ದು ಯಾರು?”

“ಮೀನು” ಎಂದೆ.

ಮೆಲ್ಲಗೆ

ಕೀಲಿನೊಳಗಿನ ಮೆತ್ತೆ ಜಾರಿತ್ತು, ಈಗ ತಾನಾಗಿ ಜಾಗಕ್ಕೆ ಬಂದಿದೆ ಎಂದು ಡಾಕ್ಟರು ವಿವರಿಸಿದರು. ಮೂರು ವಾರ ಎರಡು ಬೆರಳಿಗಿಂತ ಹೆಚ್ಚು ಬಾಯಿ ತೆರೆಯಬಾರದು. ಬೊಬ್ಬೆ ಹೊಡೆದರೆ ಮತ್ತೆ ಸಿಕ್ಕಿಕೊಳ್ಳಬಹುದು. “ಮೇಡಂ, ಬೊಬ್ಬೆಯೇ ನನ್ನ ಕೆಲಸ” ಎಂದೆ. “ಹಾಗಾದರೆ ಮೆಲ್ಲಗೆ ಕೆಲಸ ಮಾಡಿ” ಎಂದರು.

ಹಾಜಿಯವರಿಗೆ ಇದನ್ನು ಹೇಳಲು ಧೈರ್ಯವಾಗಲಿಲ್ಲ. ಭಾನುವಾರ ಮೈಕಿನ ಎದುರು ಕುಳಿತೆ. ಸಾಮಾನ್ಯವಾಗಿ ನಾನು ‘ಗೋಲ್’ ಎಂಬುದನ್ನು ಉಸಿರು ಮುಗಿಯುವವರೆಗೆ ಎಳೆಯುವವನು. ಆ ದಿನ ಮಗುವಿಗೆ ಕಥೆ ಹೇಳುವ ಹಾಗೆ ಹೇಳಿದೆ: “ಚೆಂಡು ಈಗ ಎಡಗಡೆಯ ಹುಡುಗನ ಹತ್ತಿರ ಉಂಟು... ಅವನು ಯೋಚಿಸುತ್ತಿದ್ದಾನೆ... ಒದ್ದ... ಹೋಯಿತು, ಒಳಗೆ ಹೋಯಿತು.” ಗದ್ದೆಯಲ್ಲಿ ಸದ್ದೇ ಇಲ್ಲ. ಕಡಲೆ ಮಾರುವವನೂ ಕೂಗುವುದನ್ನು ನಿಲ್ಲಿಸಿದ್ದ. ಜನರಿಗೆ ಬೇಸರ ಬಂದಿದೆ, ನನ್ನ ಸೀಸನ್ ಮುಗಿಯಿತು ಎಂದುಕೊಂಡೆ.

ಆಟ ಮುಗಿದ ಮೇಲೆ ಹಾಜಿಯವರು ನೇರ ನನ್ನ ಕಡೆಗೇ ಬಂದರು. ನಾನು ಎದ್ದು ನಿಂತು, “ತಪ್ಪಾಯಿತು ಹಾಜಿಯವರೇ” ಎಂದೆ.

ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು. “ಇನ್ನು ಎಲ್ಲ ಪಂದ್ಯಕ್ಕೂ ನೀನೇ ಬಾ ಮಾರಾಯ. ಆರು ವರ್ಷದಿಂದ ನಿನ್ನನ್ನು ಕೇಳ್ತಾ ಇದ್ದೇನೆ. ನೀನು ಮಾತಾಡುವುದು ಕನ್ನಡ ಅಂತ ಇವತ್ತು ಗೊತ್ತಾಯ್ತು!”