ಗೂರಲಜ್ಜಿಯ ಹುಳುಕು

"ಭಾನುವಾರ ನಿಮ್ಮಣ್ಣ ಊಟಕ್ಕೆ ಬರ್ತಾನಲ್ಲ, ನನ್ನ ಈ ಆಟದ ರೈಲನ್ನ ನೋಡಿ 'ಅಯ್ಯೋ, ನನ್ನ ಇಂಜಿನ್ನು!' ಅಂತ ಕೂಗದಿದ್ರೆ ಈ ಊಟದ ಟೇಬಲ್ಲನ್ನ ನಿನಗೇ ಬಿಟ್ಟುಕೊಟ್ಟೆ. ಆಮೇಲೆ ಮುಟ್ಟಿದ್ರೆ ಕೇಳು!" ಎಂದು ಹಲ್ಲಿನ ಡಾಕ್ಟರು ಕಿರುಬೆರಳಿನಷ್ಟಿದ್ದ ಗರಗಸವನ್ನು ಖಡ್ಗದಂತೆ ಮೇಲೆತ್ತಿ ಪ್ರತಿಜ್ಞೆ ಮಾಡಿದರು.

"ಕೂಗಿದ್ರೆ?" ಎಂದು ಮಡದಿ ಕೇಳಿದರು. ಅವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದ ತುದಿಯಲ್ಲಿ ಕೂತು ಉಣ್ಣುತ್ತಿದ್ದರು. ಟೇಬಲ್ಲನ್ನು ಆಟದ ರೈಲಿನ ಹಳಿ ಆಕ್ರಮಿಸಿದಾಗಿನಿಂದ ಆ ಮನೆಯ ಊಟದ ಕ್ರಮವೇ ಅದು.

"ಕೂಗಿದ್ರೆ ಟೇಬಲ್ಲು ಜನ್ಮಪೂರ್ತಿ ನನ್ನದು!"

"ಈಗ ಯಾರದಾಗಿದೆಯೋ!"

ಮಡದಿಯ ಅಣ್ಣ ಗೂಡ್ಸ್ ಯಾರ್ಡಿನಲ್ಲಿ ಡೀಸೆಲ್ ಇಂಜಿನ್ನಿನ ಡ್ರೈವರು. ಅವರ ಕೈಗೆ ಬಿದ್ದದ್ದು ಒಂದು ಹಳೇ ಇಂಜಿನ್ನು. ಹೊರಡುವ ಮೊದಲು ಅದು ಅರ್ಧ ಊರಿಗೆ ಕೇಳುವಂತೆ ಕೆಮ್ಮುತ್ತಿದ್ದುದರಿಂದ ಯಾರ್ಡಿನವರೆಲ್ಲ ಅದನ್ನು 'ಗೂರಲಜ್ಜಿ' ಎನ್ನುತ್ತಿದ್ದರು. ಡಾಕ್ಟರ ಕ್ಲಿನಿಕ್ಕಿನ ಕಿಟಕಿ ಸರಿಯಾಗಿ ಯಾರ್ಡಿನ ಕಡೆಗೇ ತೆರೆಯುತ್ತದೆ. ಅಜ್ಜಿ ಕೆಮ್ಮಿದಳೆಂದರೆ ಮುಗಿಯಿತು! ರೋಗಿಗೆ "ಬಾಯಿ ಹಾಗೇ ಇರ್ಲಿ, ಮುಚ್ಬೇಡಿ" ಎಂದು ಹೇಳಿ ಡಾಕ್ಟರು ದುರ್ಬೀನು ಹಿಡಿದು ಕಿಟಕಿಗೆ ಓಡುತ್ತಿದ್ದರು. ಎಷ್ಟೋ ಜನ ಬಾಯಿ ತೆರೆದುಕೊಂಡೇ ನಿದ್ದೆ ಮಾಡಿದ್ದುಂಟು.

ಅಂಗಡಿಯಿಂದ ತಂದ ಆಟದ ಇಂಜಿನ್ನು ಅವರಿಗೆ ಒಂದು ದಿನವೂ ಹಿಡಿಸಲಿಲ್ಲ. "ಇದಕ್ಕೆ ಮೂಗು ಉದ್ದ, ಅಜ್ಜಿಗೆ ಮೊಂಡು" ಎಂದು ಮೈಯನ್ನೆಲ್ಲ ಕಳಚಿ ಎಸೆದು, ಮೋಟಾರು ಮತ್ತು ಗಾಲಿ ಮಾತ್ರ ಉಳಿಸಿಕೊಂಡು ಅಜ್ಜಿಯಂಥದೇ ಹೊಸ ಮೈ ಕಟ್ಟಲು ಕೂತರು. ಬಿಸ್ಕತ್ತಿನ ಡಬ್ಬಿ ಇಂಜಿನ್ನಿನ ಪಕ್ಕೆಯಾಯಿತು. ವಕ್ರದಂತಕ್ಕೆ ಬಿಗಿಯುವ ತಂತಿ ಹಿಡಿಕಂಬಿಯಾಯಿತು. ಕಟ್ಟುಹಲ್ಲಿನ ವಸಡಿಗೆ ಬಳಸುವ ಗುಲಾಬಿ ಹಿಟ್ಟಿನಿಂದ ಡ್ರೈವರ ಕೋಣೆ ಎದ್ದುನಿಂತಿತು. ಜಾಲರಿಗಾಗಿ ಅಡುಗೆಮನೆಯ ಚಹಾ ಸೋಸುವ ಜರಡಿ ಪ್ರಾಣತ್ಯಾಗ ಮಾಡಿತು.

"ರೀ, ಚಹಾದಲ್ಲಿ ಬರೀ ಸೊಪ್ಪೇ ಬರ್ತಿದೆ!"

"ಅಗಿದು ನುಂಗು. ಹಲ್ಲಿಗೆ ಒಳ್ಳೇದು."

ಎಲ್ಲಕ್ಕಿಂತ ಮುಖ್ಯವಾದದ್ದು ಅಜ್ಜಿಯ ಎಡಪಕ್ಕೆಯಲ್ಲಿದ್ದ ದೊಡ್ಡ ತಗ್ಗು. ಯಾರ್ಡಿನ ಬೇರೆ ಯಾವ ಇಂಜಿನ್ನಿಗೂ ಅಂಥದ್ದಿರಲಿಲ್ಲ. ಭಾವ ಗುರುತು ಹಿಡಿಯುವುದಾದರೆ ಅದರಿಂದಲೇ ಹಿಡಿಯಬೇಕು. ಡಾಕ್ಟರು ಚಮಚದ ಬೆನ್ನಿನಿಂದ ತಗಡನ್ನು ಒತ್ತಿ ಒತ್ತಿ, ತದ್ರೂಪು ತಗ್ಗು ಬೀಳಿಸಿ, ಬಣ್ಣ ಹಚ್ಚಿದರು. ಎದೆ ಉಬ್ಬಿ ಅಂಗಿಯ ಗುಂಡಿ ಹಾರುವುದೊಂದು ಬಾಕಿ!

ಭಾನುವಾರ ಬೆಳಿಗ್ಗೆ ಫೋನು ಬಂತು. ದವಡೆ ನೋವಿನ ರೋಗಿಯೊಬ್ಬರು ತಮ್ಮ ಹಲ್ಲಿನ ಕಥೆಯನ್ನು ಹುಟ್ಟಿದಂದಿನಿಂದ ಶುರುಮಾಡಿದರು. ಡಾಕ್ಟರು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು "ಹೂಂ... ಹುಳುಕು ದೊಡ್ಡದಿರ್ಬೇಕು... ತುಂಬಿಸಿದ್ರೆ ಸರಿಹೋಗುತ್ತೆ" ಎನ್ನುತ್ತಿದ್ದರು. ಬಾಯಿ ಮಾತಾಡುತ್ತಿದ್ದರೆ ಕೈ ಸುಮ್ಮನಿರುತ್ತದೆಯೇ? ಎದುರಿಗೆ ಒಂದು ತಗ್ಗು ಕಂಡಿತು. ಜೀವಮಾನವಿಡೀ ತಗ್ಗು ಕಂಡಲ್ಲಿ ತುಂಬಿದ ಕೈ ಅದು! ತಾನಾಗಿಯೇ ಸಿಮೆಂಟು ಕಲಸಿತು, ತುಂಬಿತು, ಉಜ್ಜಿತು, ನಯಮಾಡಿತು, ಮೇಲೊಂದು ಬಣ್ಣವನ್ನೂ ಬಳಿಯಿತು. ಫೋನು ಕೆಳಗಿಟ್ಟು ನೋಡುತ್ತಾರೆ, ಗೂರಲಜ್ಜಿಯ ಪಕ್ಕೆ ಹದಿನಾರರ ಹುಡುಗಿಯ ಕೆನ್ನೆಯಂತೆ ಹೊಳೆಯುತ್ತಿದೆ!

"ಅಯ್ಯಯ್ಯೋ, ಕೆಟ್ಟೆ!"

ಮಡದಿ ಬಂದು ಬಗ್ಗಿ ನೋಡಿದರು. ನಗುವನ್ನು ತಡೆಯುವ ಪ್ರಯತ್ನವನ್ನೂ ಮಾಡಲಿಲ್ಲ. "ಎಷ್ಟು ಚೆನ್ನಾಗಿ ತುಂಬಿದೀರಿ! ಹತ್ತು ವರ್ಷ ಅಲ್ಲಾಡಲ್ಲ ಅಂತ ಪೇಶೆಂಟುಗಳಿಗೆ ಹೇಳ್ತೀರಲ್ಲ, ಅದೇ ಸಿಮೆಂಟಾ?"

ಅದೇ ಸಿಮೆಂಟು! ಡಾಕ್ಟರು ಡ್ರಿಲ್ ತಂದು ಕೊರೆದರು. ಸಿಮೆಂಟು ಜಪ್ಪಯ್ಯ ಎನ್ನಲಿಲ್ಲ. ಡ್ರಿಲ್ ಜಾರಿ ಒಳಗಿನ ತಂತಿಯೊಂದಕ್ಕೆ ತಗುಲಿ 'ಚಿರ್ರ್' ಎಂದಿತು. ಅದೇ ಗಳಿಗೆಗೆ ಬಾಗಿಲಲ್ಲಿ ಭಾವನ ದನಿಯೂ ಕೇಳಿಸಿತು.

ಭಾವ ಕನ್ನಡಕ ಏರಿಸಿ, ಇಂಜಿನ್ನನ್ನು ಎತ್ತಿ ತಿರುಗಿಸಿ ನೋಡಿದರು.

"ಚೆನ್ನಾಗಿದೆ ಡಾಕ್ಟ್ರೇ. ಯಾವ ಊರಿಂದು?"

ಡಾಕ್ಟರ ಮುಖ ಹರಳೆಣ್ಣೆ ಕುಡಿದಂತಾಯಿತು. ಮಡದಿ ಆಗಲೇ ಕಪಾಟಿನಿಂದ ಟೇಬಲ್ ಬಟ್ಟೆ ತೆಗೆದುಕೊಂಡು ಬಂದರು.

"ತಡೀರಿ ಭಾವ, ಓಡೋದನ್ನ ನೋಡಿ!" ಎಂದು ಡಾಕ್ಟರು ಇಂಜಿನ್ನನ್ನು ಹಳಿಯ ಮೇಲಿಟ್ಟು ಸ್ವಿಚ್ ಒತ್ತಿದರು. ಅದು 'ಗೊರ್ ಗೊರ್' ಎಂದಿತು. ಒಂದಿಷ್ಟು ಹೊಗೆ ಬಿಟ್ಟಿತು. ಮೈ ನಡುಗಿಸಿತು. ಆದರೆ ಇದ್ದಲ್ಲಿಂದ ಕದಲಲಿಲ್ಲ.

ಭಾವನ ಕಣ್ಣು ಅರಳಿತು. "ಹೀಗೇ... ಹೀಗೇ ಮಾಡ್ತಾಳೆ ಮುದುಕಿ ದಿನಾ ಬೆಳಿಗ್ಗೆ! ಇದಕ್ಕೆ ಒಂದೇ ಮದ್ದು!" ಎಂದು ಅಂಗೈ ಬೀಸಿ ಎಡಪಕ್ಕೆಗೆ ಫಟಾರನೆ ಒಂದು ಕೊಟ್ಟರು. ಹತ್ತು ವರ್ಷದ ಸಿಮೆಂಟು ಇಡಿಯಾಗಿ ಹಾರಿ ನೆಲಕ್ಕೆ ಬಿತ್ತು. ತಗ್ಗು ಬಾಯ್ದೆರೆಯಿತು.

"ಅಯ್ಯೋ, ನನ್ನ ಇಂಜಿನ್ನು!" ಎಂದು ಭಾವ ಕೂಗಿದರು.

"ಗೆದ್ದೆ!" ಎಂದು ಡಾಕ್ಟರು ಎರಡೂ ಕೈ ಮೇಲೆತ್ತಿ ಕುಣಿದರು. ಆ ಎರಡು ಕೈಗಳಲ್ಲಿ ಒಂದಾದರೂ ಸ್ವಿಚ್ಚಿನ ಮೇಲಿರಬೇಕಿತ್ತು. ಹೊಡೆತಕ್ಕೆ ತಂತಿ ಕೂಡಿಕೊಂಡಿತ್ತೋ ಏನೋ, ಗೂರಲಜ್ಜಿ ಬಾಣದಂತೆ ಹೊರಟು, ಹಳಿ ಮುಗಿದಲ್ಲಿಯೂ ನಿಲ್ಲದೆ, ಟೇಬಲ್ಲಿನ ಅಂಚು ದಾಟಿ ನೆಲ ಕಂಡಳು. ಗಾಲಿಗಳು ಒಂದೊಂದು ದಿಕ್ಕಿಗೆ ಉರುಳಿಹೋದವು.

ಡಾಕ್ಟರು ಟೇಬಲ್ಲಿನ ಕೆಳಗೆ ನುಗ್ಗಿ, ಅಂಬೆಗಾಲಲ್ಲಿ ಗಾಲಿ ಹುಡುಕತೊಡಗಿದರು. ತಲೆಯ ಮೇಲೆ ಹಳಿ ಸರಿಸುವ ಸದ್ದು, ಬಟ್ಟೆ ಹಾಸುವ ಸದ್ದು, ತಟ್ಟೆ ಇಡುವ ಸದ್ದು ಒಂದಾದ ಮೇಲೊಂದು ಕೇಳಿಸಿದವು.

"ಪಂದ್ಯ ನೀವೇ ಗೆದ್ರಿ, ನಾನು ಇಲ್ಲ ಅನ್ನಲ್ಲ" ಎಂದು ಮಡದಿಯ ದನಿ ಬಂತು. "ಟೇಬಲ್ಲು ನಿಮ್ಮದೇ. ನಿಮ್ಮ ಟೇಬಲ್ಲಿನ ಮೇಲೆ ನಾವು ಊಟ ಮಾಡ್ಬಹುದಾ?"

ಟೇಬಲ್ಲಿನ ಒಡೆಯರು ಟೇಬಲ್ಲಿನ ಅಡಿಯಿಂದಲೇ "ಹೂಂ" ಎಂದರು.

"ಹಾಗಾದ್ರೆ ಎದ್ದು ಬನ್ನಿ, ಊಟ ಆರುತ್ತೆ. ನಿಮ್ಮ ಸಿಮೆಂಟು ಒಂದೇ ಏಟಿಗೆ ಉದುರಿದ್ದನ್ನ ಪೇಶೆಂಟುಗಳಿಗೆ ನಾನೂ ಹೇಳಲ್ಲ, ಅಣ್ಣನೂ ಹೇಳಲ್ಲ!"