ಪೈಪಣ್ಣನ ಮೂರಿಂಚಿನ ಹೊಗೆಪೈಪು

"ಪೈಪು ಅಂದ್ಮೇಲೆ ಪೈಪು! ಒಳಗೆ ನೀರು ಹರಿದ್ರೇನು, ಹೊಗೆ ಹರಿದ್ರೇನು? ಇದಕ್ಕೆ ಮೆಕ್ಯಾನಿಕ್ ಬೇರೆ ಬೇಕಾ?"

ಕಾರಿನ ಅಡಿಯಿಂದ ಹೊರಟ ಈ ಘೋಷಣೆ ಕೇಳಿ ಹೆಂಡತಿ ಒಲೆ ಆರಿಸಿ ಹೊರಗೆ ಬಂದಳು. ಗಂಡನ ಎರಡು ಪಾದಗಳು ಮಾತ್ರ ಕಾಣುತ್ತಿದ್ದವು. ಇಪ್ಪತ್ತೆರಡು ವರ್ಷದಿಂದ ನಲ್ಲಿ, ಟ್ಯಾಂಕು ರಿಪೇರಿ ಮಾಡಿಕೊಂಡು ಬಂದ ಅವನನ್ನು ಬೀದಿಯವರೆಲ್ಲ ಪೈಪಣ್ಣ ಎಂದೇ ಕರೆಯುತ್ತಿದ್ದರು. ದೇವರು ಅವನಿಗೆ ಕೈತುಂಬ ಕಸುಬು ಕೊಟ್ಟಿದ್ದ. ಚಿಟಿಕೆಯಷ್ಟು ಅನುಮಾನ ಕೊಡುವುದನ್ನು ಮಾತ್ರ ಮರೆತಿದ್ದ.

"ಸೋಮವಾರ ಅಮ್ಮನ ಕಣ್ಣಿನ ಆಪರೇಷನ್ ರೀ. ನಾಲ್ಕು ತಿಂಗಳು ಕಾದು ಸಿಕ್ಕಿರೋ ದಿನ. ಒಂಬತ್ತಕ್ಕೆ ಸರಿಯಾಗಿ ಬೆಟ್ಟದ ಮೇಲಿನ ಆಸ್ಪತ್ರೇಲಿರಬೇಕು. ತಪ್ಪಿದ್ರೆ ಮತ್ತೆ ನಾಲ್ಕು ತಿಂಗಳು ಕಾಯ್ಬೇಕು. ಈಗಲೇ ಕಾರು ಬಿಚ್ಚಬೇಕಿತ್ತಾ?"

"ಅತ್ತೇನ ಗಾಳೀಲಿ ತೇಲಿಸ್ಕೊಂಡು ಹೋಗ್ತೀನಿ, ನೋಡ್ತಿರು!"

ತುಕ್ಕು ಹಿಡಿದು ತೂತಾದದ್ದು ಎರಡಿಂಚಿನ ಹೊಗೆಪೈಪು. ಅಷ್ಟೇ ಅಳತೆಯದನ್ನು ಹಾಕಿ ಎಂದು ಮೆಕ್ಯಾನಿಕ್ ಹೇಳಿದ್ದ. ಪೈಪಣ್ಣ ಎರಡೂವರೆ ಇಂಚಿನದನ್ನು ತಂದು ಕೂರಿಸಿದ. ಪೈಪು ಅಗಲವಾದಷ್ಟೂ ಹರಿವು ಸಲೀಸು, ಒತ್ತಡ ಕಡಿಮೆ. ಇದು ಅವನ ಕಸುಬಿನ ಮೊದಲ ಪಾಠ.

ಆದರೆ ಅದು ಟರ್ಬೊ ಕಾರು. ಹಿಂದಿನ ಮಾಲೀಕ ಸ್ಟೀರಿಂಗ್ ಪಕ್ಕದಲ್ಲಿ ಒಂದು ಮೀಟರು, ಅದರ ಕೆಳಗೊಂದು ತಿರುಗಣೆ ಜೋಡಿಸಿದ್ದ. ಮೀಟರು ತೋರಿಸುವುದು ಬೂಸ್ಟ್, ಅಂದರೆ ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ. ತಿರುಗಣೆ ಇರುವುದು ಅದನ್ನು ಹತೋಟಿಯಲ್ಲಿಡಲು. ಮುಳ್ಳು ಹಸಿರಿನಲ್ಲಿದ್ದರೆ ಕ್ಷೇಮ. ಕೆಂಪಿಗೆ ಹೋಯಿತೋ, ಎಂಜಿನ್ನು ತನ್ನ ಜೀವ ಉಳಿಸಿಕೊಳ್ಳಲು ಮುನಿಸಿಕೊಂಡು ಆಮೆಯಾಗಿಬಿಡುತ್ತದೆ.

ಮೊದಲ ಪರೀಕ್ಷೆಯಲ್ಲಿ ಕಾರು ಬಾಣದಂತೆ ಹಾರಿತು! ಮುಳ್ಳೂ ಹಾರಿತು! ಕೆಂಪು ಮುಟ್ಟಿದ ಕ್ಷಣವೇ ಎಂಜಿನ್ನು ಮುನಿಸಿಕೊಂಡಿತು. ಹಿಂದೆ ಬರುತ್ತಿದ್ದ ಸೈಕಲ್ಲಿನ ಅಜ್ಜ ಗಂಟೆ ಬಾರಿಸಿ ಮುಂದೆ ಹೋದ.

"ಒತ್ತಡ ಏರಿದೆ ಅಂದ್ರೆ ಹೊರಗೆ ಹೋಗೋ ದಾರಿ ಸಾಲ್ತಿಲ್ಲ ಅಂತ ಅರ್ಥ," ಎಂದು ತೀರ್ಪು ಕೊಟ್ಟ ಪೈಪಣ್ಣ ಮರುದಿನ ಮೂರಿಂಚಿನದನ್ನು ಬಿಗಿದ.

ಮುಳ್ಳು ಇನ್ನೂ ಮೇಲೆ ಹೋಯಿತು! ತಿರುಗಣೆಯನ್ನು ಪೂರ್ತಿ ಇಳಿಸಿದ. ಮುಳ್ಳು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಪೈಪಣ್ಣನ ತಲೆ ಗಿರ್ರೆಂದಿತು. ಮನೆಗೆ ಬಂದವನೇ ಹಿತ್ತಲ ನಲ್ಲಿಗೆ ಮೊದಲು ಸಣ್ಣ ಪೈಪು, ಆಮೇಲೆ ದಪ್ಪ ಪೈಪು ಸಿಕ್ಕಿಸಿ ನೀರು ಬಿಟ್ಟ. ಸಣ್ಣದರಲ್ಲಿ ನೀರು ಚಿಮ್ಮಿತು, ದಪ್ಪದರಲ್ಲಿ ಮೆಲ್ಲಗೆ ಸುರಿಯಿತು.

"ಇಲ್ಲಿ ಸರಿಯಾಗೇ ಇದೆ! ಕಾರಲ್ಲಿ ಮಾತ್ರ ಯಾಕೆ ಉಲ್ಟಾ?"

ಬಟ್ಟೆ ಒಣಹಾಕುತ್ತಿದ್ದ ಹೆಂಡತಿ ಮೆಲ್ಲನೆ ಕೇಳಿದಳು. "ಪೈಪು ದೊಡ್ಡದು ಮಾಡಿದಾಗಲೆಲ್ಲ ಮುಳ್ಳು ಮೇಲೆ ಹೋಗ್ತಿದೆಯಲ್ರೀ. ಚಿಕ್ಕದು ಹಾಕಿ ನೋಡಬಾರದಾ?"

"ನಿಂಗೆ ಪೈಪಿನ ವಿಷಯ ಗೊತ್ತಾಗಲ್ಲ, ಸುಮ್ನಿರೇ!"

ಸೋಮವಾರ ಎಂಟು ಗಂಟೆಗೆ ಬೆಟ್ಟದ ಬುಡ. ಏರು ಶುರುವಾಗುತ್ತಲೇ ಮುಳ್ಳು ಕೆಂಪಿಗೆ ನೆಗೆಯಿತು, ಕಾರು ತೆವಳತೊಡಗಿತು. ನಿಲ್ಲಿಸಿ, ಆರಿಸಿ, ಮತ್ತೆ ಹೊರಡಿಸಿದರೆ ನೂರು ಮಾರು ಹೋಗಿ ಮತ್ತದೇ ಮುನಿಸು. ಹಿಂದಿನ ಸೀಟಿನಲ್ಲಿ ಪೊರೆಗಣ್ಣಿನ ಅತ್ತೆ ದೇವರ ನಾಮ ಹೇಳಿಕೊಳ್ಳುತ್ತಿದ್ದವರು ನಡುವೆ ನಿಲ್ಲಿಸಿದರು.

"ಅಳಿಯಂದ್ರೇ, ಯಾಕೆ ನಿಂತ್ವಿ? ಆಸ್ಪತ್ರೆ ಬಂತಾ?"

"ನಿಂತಿಲ್ಲ ಅತ್ತೆ, ಹೋಗ್ತಾನೇ ಇದೀವಿ."

"ಹೌದಾ? ಯಾರೋ ಮಾತಾಡ್ಕೊಂಡು ನಡ್ಕೊಂಡೇ ನಮ್ಮನ್ನ ದಾಟಿ ಹೋದ ಹಾಗಾಯ್ತು."

ಎಂಟೂವರೆ. ಹೆಂಡತಿಯ ಮುಖ ಬಿಳಿಚಿತ್ತು. ಪೈಪಣ್ಣ ಅಭಿಮಾನ ನುಂಗಿಕೊಂಡು ಮೆಕ್ಯಾನಿಕ್‌ಗೆ ಫೋನು ಮಾಡಿ ನಡೆದದ್ದೆಲ್ಲ ಹೇಳಿದ.

"ಅಣ್ಣಾ, ನಿಮ್ಮ ಪೈಪಲ್ಲಿ ನೀರು ಹೋದ್ರೆ ಹೋಯ್ತು. ಇಲ್ಲಿ ಹೊರಗೆ ಹೋಗೋ ಹೊಗೇನೇ ಟರ್ಬೊದ ಫ್ಯಾನ್ ತಿರುಗಿಸೋದು. ಆ ಫ್ಯಾನೇ ಎಂಜಿನ್ನಿಗೆ ಗಾಳಿ ತುಂಬೋದು. ಹೊಗೆಗೆ ದಾರಿ ಸಲೀಸಾದಷ್ಟೂ ಫ್ಯಾನ್ ಜೋರು, ಬೂಸ್ಟೂ ಜೋರು!"

"ಮತ್ತೆ ಈ ತಿರುಗಣೆ?"

"ಹೆಚ್ಚಾದ ಹೊಗೇನ ಫ್ಯಾನಿಗೆ ತಾಗಿಸ್ದೆ ಪಕ್ಕದಿಂದ ಬಿಡೋಕೆ ಒಂದು ಪುಟ್ಟ ಬಾಗಿಲಿದೆ. ತಿರುಗಣೆ ಆ ಬಾಗಿಲು ತೆಗೆಯುತ್ತೆ ಅಷ್ಟೆ. ಅದು ಆಗಲೇ ಪೂರ್ತಿ ತೆಗೆದಿದ್ರೂ ಅಷ್ಟೊಂದು ಹೊಗೆ ಅದರಲ್ಲಿ ಹಿಡಿಸ್ತಿಲ್ಲ. ಇನ್ನೂ ತಿರುಗಿಸಿದ್ರೆ ತಿರುಗಣೆ ಕಿತ್ತು ಕೈಗೆ ಬರುತ್ತೆ!"

ಪೈಪಣ್ಣ ಕೈ ನೋಡಿಕೊಂಡ. ತಿರುಗಣೆ ಕೈಯಲ್ಲೇ ಇತ್ತು.

"ಈಗೇನ್ಮಾಡ್ಲಿ?"

"ಎರಡಿಂಚಿನ ಪೈಪ್ ಹಾಕಿ."

"ಈ ಏರಲ್ಲಾ?"

"ಹಾಗಾದ್ರೆ ಆಕ್ಸಿಲರೇಟರ್ ಮೆಲ್ಲಗೆ ಒತ್ತಿ."

ಮೆಲ್ಲಗೆ ಎಂಬ ಮಾತನ್ನು ಪೈಪಣ್ಣನ ಬಲಗಾಲಿಗೆ ಯಾರೂ ಕಲಿಸಿರಲಿಲ್ಲ. ಒತ್ತಿದರೆ ಕೆಂಪು, ಬಿಟ್ಟರೆ ಕಾರು ಹಿಂದಕ್ಕೆ!

"ಇಳೀರಿ ಕೆಳಗೆ," ಎಂದ ಹೆಂಡತಿ ತಾನೇ ಸ್ಟೀರಿಂಗ್ ಹಿಡಿದಳು.

ದಿನವಿಡೀ ಹೊಲಿಗೆ ಯಂತ್ರದ ಪೆಡಲಿನ ಮೇಲಿರುವ ಕಾಲು ಅವಳದು. ರೇಷ್ಮೆ ಬಟ್ಟೆಗೆ ಎಷ್ಟು ಒತ್ತಬೇಕೆಂದು ಅದಕ್ಕೆ ಗೊತ್ತಿತ್ತು. ಕಾರು ನೂಲು ಎಳೆದಂತೆ ಬೆಟ್ಟ ಹತ್ತಿತು. ಮುಳ್ಳು ಹಸಿರಿನಲ್ಲೇ ನಿದ್ದೆ ಹೋಗಿತ್ತು. ಅದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ ಪೈಪಣ್ಣನಿಗೆ ತಾನು ಯಾವ ಲೋಕದಲ್ಲಿದ್ದೇನೆಂದೇ ತಿಳಿಯಲಿಲ್ಲ.

ಒಂಬತ್ತಕ್ಕೆ ಎರಡು ನಿಮಿಷವಿದ್ದಾಗ ಆಸ್ಪತ್ರೆಯಲ್ಲಿ ಅತ್ತೆಯ ಹೆಸರು ಕೂಗಿದರು. ಆಪರೇಷನ್ ಸುಸೂತ್ರವಾಗಿ ಮುಗಿಯಿತು.

ಮರುದಿನ ಪಟ್ಟಿ ಬಿಚ್ಚಿದರು. ಅತ್ತೆ ಮಗಳ ಮುಖವನ್ನು ಹಿಡಿದು ಹಿಡಿದು ನೋಡಿ, ದೇವರಿಗೆ ಕೈಮುಗಿದು ಹೊರಗೆ ಬಂದರು. ಪೈಪಣ್ಣ ಓಡಿಹೋಗಿ ಕಾರಿನ ಬಾಗಿಲು ತೆಗೆದು ನಿಂತ. ಅತ್ತೆ ಹತ್ತಲಿಲ್ಲ. ಕಾರಿಗೆ ಒಂದು ಸುತ್ತು ಹಾಕಿ, ಹಿಂದೆ ಬಗ್ಗಿ, ಮೂರಿಂಚಿನ ಬಾಯಿಯನ್ನು ದಿಟ್ಟಿಸಿದರು.

"ಅಳಿಯಂದ್ರೇ, ಯಾರ ಮನೆಯ ಚರಂಡಿ ಪೈಪು ಸಾಗಿಸ್ತಿದೀರಿ?"

"ಅಲ್ಲ ಅತ್ತೆ, ಅದು... ಕಾರಿಂದೇ."

ಅತ್ತೆ ಕೈಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ನಡೆದರು.

"ಅತ್ತೆ! ಎಲ್ಲಿಗೆ?"

"ಬಸ್ ಸ್ಟಾಪಿಗೆ. ಇಷ್ಟು ದಿನ ನಿಮ್ಮ ಕಾರು ಹತ್ತುತ್ತಿದ್ದದ್ದು ಬಸ್ಸಿನ ನಂಬರ್ ಕಾಣ್ತಿರಲಿಲ್ಲ ಅಂತ, ಅಳಿಯಂದ್ರೇ. ಈಗ ಚೆನ್ನಾಗಿ ಕಾಣುತ್ತೆ!"